ಗೇಜಿನಲ್ಲಿ ಬೋರ್ ಸರಿ, ಹೆಡ್ ಬಿಗಿದ ಮೇಲೆ ಹೊಗೆ

ಪ್ರಶ್ನೆ: ಕೋಲಾರದ ಎಪಿಎಂಸಿಗೆ ಟೊಮೆಟೊ ಹೊರುವ ಪಿಕಪ್ ಗಾಡಿಗಳ ಎಂಜಿನ್ ಬ್ಲಾಕ್‌ಗಳನ್ನು ಬೋರ್ ಮಾಡಿ (ಸಿಲಿಂಡರ್ ತೂತು ಕೊರೆದು) ಹೋನ್ ಹೊಡೆಯುತ್ತೇವೆ (ಕಲ್ಲಿನಿಂದ ಉಜ್ಜಿ ಅಳತೆಗೆ ತರುತ್ತೇವೆ). ಡಯಲ್ ಗೇಜಿನಲ್ಲಿ ಅಡ್ಡ, ಉದ್ದ ಎರಡೂ ಕಡೆ ಒಂದೇ ರೀಡಿಂಗ್. ಆದರೂ ಕೆಲವು ಗಾಡಿಗಳು ನೀಲಿ ಹೊಗೆ ಬಿಡುತ್ತ ವಾಪಸ್ ಬರುತ್ತವೆ. ಟಾರ್ಕ್ ಪ್ಲೇಟ್ (ಹೋನ್ ಮಾಡುವಾಗ ಹೆಡ್ಡಿನ ಬದಲು ಬ್ಲಾಕಿಗೆ ಬಿಗಿಯುವ, ಬೋರಿಗೆ ತೂತಿರುವ ದಪ್ಪ ಉಕ್ಕಿನ ಫಲಕ) ಹಾಕಿ ಹೋನ್ ಮಾಡಿ ಅನ್ನುತ್ತಾರೆ. ನಾವೇ ಮಾಡಿಕೊಳ್ಳಬಹುದೆ?
— ಓದುಗರು, ಮುಳಬಾಗಿಲು

ಉತ್ತರ: ಮಾಡಿಕೊಳ್ಳಬಹುದು. ಅದಕ್ಕೂ ಮೊದಲು ಗೇಜ್ ಹಿಡಿಯುವ ರೀತಿ ಬದಲಿಸಿ. ಹೆಡ್ (ಸಿಲಿಂಡರ್ ಮುಚ್ಚಳ) ಕೂರಿಸುವ ಬೋಲ್ಟ್ ಬಿಗಿದಾಗ ಅದು ತ್ರೆಡ್ಡಿನ ಸುತ್ತಲಿನ ಲೋಹವನ್ನು ಮೇಲಕ್ಕೆಳೆಯುತ್ತದೆ, ಪಕ್ಕದ ಬೋರ್ ಗೋಡೆ ಜರುಗುತ್ತದೆ. ಸಿಲಿಂಡರಿನ ನಾಲ್ಕು ಮೂಲೆಗೆ ನಾಲ್ಕು ಬೋಲ್ಟ್ ಇದ್ದರೆ ಬೋರ್ ನಾಲ್ಕು ಮೂಲೆಗೆ ಎಳೆದಂತಾಗುತ್ತದೆ. ಪಿಸ್ಟನ್ ರಿಂಗ್ ಗೋಡೆಗೆ ಸರಿಯಾಗಿ ಕೂರದೆ ಎಣ್ಣೆ ಮೇಲೇರಿ ಉರಿಯುತ್ತದೆ, ನೀಲಿ ಹೊಗೆ ಅದೇ. ಪ್ಲೇಟ್ ಬಿಗಿದಾಗಲೂ ಬೋರ್ ಹೀಗೆಯೇ ಜರುಗುತ್ತದೆ, ಆ ಸ್ಥಿತಿಯಲ್ಲೇ ಗುಂಡಗೆ ಹೋನ್ ಮಾಡುವುದು ಉದ್ದೇಶ. ಹೆಡ್ ಬಿಗಿದಿದ್ದರೂ ಅಡ್ಡ, ಉದ್ದ ಅಳತೆಗಳು ಸಮವಾಗಿಯೇ ಬರುತ್ತವೆ. ವ್ಯತ್ಯಾಸ ಕಾಣುವುದು 45 ಡಿಗ್ರಿಗೆ ತಿರುಗಿಸಿದಾಗ.

ಪ್ಲೇಟಿಗೆ ದುಡ್ಡು ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಕ್ರ್ಯಾಂಕ್ ತೆಗೆದ ಬ್ಲಾಕಿಗೆ ಗ್ಯಾಸ್ಕೆಟ್ ಸಮೇತ ಹೆಡ್ಡನ್ನೇ ಪೂರ್ತಿ ಟಾರ್ಕಿಗೆ ಬಿಗಿದು, ಬ್ಲಾಕನ್ನು ತಲೆಕೆಳಗು ಮಾಡಿ, ಕ್ರ್ಯಾಂಕ್ ಇದ್ದ ಕಡೆಯಿಂದ ಗೇಜ್ ಇಳಿಸಿ. ಬೋರಿನ ಮೇಲಂಚಿನಿಂದ 10, 25, 50 ಮಿ.ಮೀ. ಆಳದಲ್ಲಿ ನಾಲ್ಕು ದಿಕ್ಕು ಅಳೆದು ಬರೆದಿಟ್ಟುಕೊಳ್ಳಿ. ಹೆಡ್ ಬಿಚ್ಚಿ ಮತ್ತೆ ಅದೇ ಜಾಗಗಳಲ್ಲಿ ಅಳೆಯಿರಿ. ವ್ಯತ್ಯಾಸ 0.01 ಮಿ.ಮೀ. ಒಳಗಿದ್ದರೆ ಹೊಗೆಗೆ ಬೋರ್ ಕಾರಣವಲ್ಲ. ವಾಲ್ವ್ ಗೈಡ್, ವಾಲ್ವ್ ಸೀಲ್, ಟರ್ಬೊ ನೋಡಿ. 0.02 ದಾಟಿದರೆ ಪ್ಲೇಟ್ ಬೇಕೇ ಬೇಕು. ವೆಟ್ ಲೈನರ್ (ನೀರಿನ ನಡುವೆ ಕೂರುವ, ಬಿಚ್ಚಿ ಬದಲಿಸುವ ಸಿಲಿಂಡರ್ ಕೊಳವೆ) ಎಂಜಿನ್‌ಗಳಿಗೆ ಸಾಮಾನ್ಯವಾಗಿ ಇದರ ಅಗತ್ಯ ಬೀಳುವುದಿಲ್ಲ.

ಪ್ಲೇಟಿಗೆ 50 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಅಥವಾ ಇಎನ್ 8 (ಅದಕ್ಕಿಂತ ಗಟ್ಟಿ ಉಕ್ಕು) ತೆಗೆದುಕೊಳ್ಳಿ. ಗ್ಯಾಸ್ ಕಟಿಂಗ್ ಮಾಡಿದ ತುಂಡನ್ನು ನೇರವಾಗಿ ಫಿನಿಶ್ ಮಾಡಬಾರದು, ಒಳಗಿನ ಬಿಗಿತ ಸಡಿಲಿ ಆಮೇಲೆ ಬಾಗುತ್ತದೆ. ಎರಡೂ ಮುಖ ರಫ್ ಮಿಲ್ಲಿಂಗ್ ಮಾಡಿ, ಸ್ಟ್ರೆಸ್ ರಿಲೀವಿಂಗ್‌ಗೆ ಕಳಿಸಿ: 600–650 ಡಿಗ್ರಿ ಸೆಲ್ಸಿಯಸ್, 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ, ಫರ್ನೇಸಿನಲ್ಲೇ ನಿಧಾನ ಆರಬೇಕು. ಆಮೇಲೆ ಸರ್ಫೇಸ್ ಗ್ರೈಂಡಿಂಗ್. 45 ಮಿ.ಮೀ. ಉಳಿದರೆ ಸಾಕು, ಆದರೆ ಗ್ಯಾಸ್ಕೆಟ್ ಕೂರುವ ಮುಖ 0.03 ಮಿ.ಮೀ. ಒಳಗೆ ಸಪಾಟಾಗಿರಲಿ. ನಿಮ್ಮಲ್ಲಿ ದೊಡ್ಡ ಗ್ರೈಂಡರ್ ಇಲ್ಲದಿದ್ದರೆ ಮಾಲೂರು, ನರಸಾಪುರ ಕೈಗಾರಿಕಾ ಪ್ರದೇಶಗಳ ಸುತ್ತ ವಿಚಾರಿಸಿ.

ಬೋರಿನ ತೂತು ಎಷ್ಟಿರಬೇಕು? ಕಡೇ ಓವರ್‌ಸೈಜಿನಿಂದ (ಬೋರನ್ನು ಹಿಗ್ಗಿಸಬಹುದಾದ ಕೊನೆಯ ಅಳತೆಯಿಂದ) ಲೆಕ್ಕ ಹಾಕಿ. ಸ್ಟ್ಯಾಂಡರ್ಡ್ 90 ಮಿ.ಮೀ. ಬೋರ್ 1.00 ಓವರ್‌ಸೈಜಿಗೆ 91 ಆಗುತ್ತದೆ. ಪ್ಲೇಟಿನ ತೂತು 92 ಇಡಿ. ಕಲ್ಲು ಮೇಲೆ ಬಂದಾಗ ಪ್ಲೇಟಿಗೆ ತಾಗುವುದಿಲ್ಲ. ಆದರೆ ತೂತು ಗ್ಯಾಸ್ಕೆಟ್ಟಿನ ಫೈರ್ ರಿಂಗ್ (ಬೋರ್ ಸುತ್ತಲಿನ ಲೋಹದ ಉಂಗುರ) ಒಳವ್ಯಾಸಕ್ಕಿಂತ ದೊಡ್ಡದಾಗಬಾರದು. ದೊಡ್ಡದಾದರೆ ಆ ರಿಂಗಿನ ಮೇಲೆ ಒತ್ತಡವೇ ಬೀಳದು, ಪ್ಲೇಟ್ ಹಾಕಿಯೂ ಹಾಕದಂತೆ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಬೋಲ್ಟಿನಲ್ಲಿ. ಬೋಲ್ಟ್ ಕೂರುವ ಜಾಗದಲ್ಲಿ ಹೆಡ್ 90 ಮಿ.ಮೀ. ದಪ್ಪ, ಪ್ಲೇಟ್ 45 ಎಂದುಕೊಳ್ಳಿ. ಅದೇ ಬೋಲ್ಟ್ ಹಾಕಿದರೆ ಕುರುಡು ತೂತಿನ ತಳಕ್ಕೆ ತಾಗಿ ನಿಲ್ಲುತ್ತದೆ. ರೆಂಚ್ ಟಾರ್ಕ್ ತೋರಿಸುತ್ತದೆ, ಪ್ಲೇಟ್ ಸಡಿಲವೇ ಇರುತ್ತದೆ. ಗಿಡ್ಡ ಬೋಲ್ಟ್ ಹಾಕುವುದೂ ಬೇಡ: ಟಾರ್ಕ್ ಆದ ಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ಎಂಜಿನ್‌ಗಳಲ್ಲಿ ಬೋಲ್ಟಿನ ಉದ್ದ ಬದಲಾದರೆ ಬಿಗಿತವೇ ಬದಲಾಗುತ್ತದೆ. ಪ್ಲೇಟಿನ ಮೇಲೆ 45 ಮಿ.ಮೀ. ಸ್ಲೀವ್ ಇಟ್ಟು ಒಟ್ಟು 90 ಮಾಡಿ. ಎಂ12 ಬೋಲ್ಟಿಗೆ ಇಎನ್ 8 ರಾಡಿನ 24 ಮಿ.ಮೀ. ಹೊರವ್ಯಾಸ, 13 ಒಳವ್ಯಾಸದ ಸ್ಲೀವ್. ಎರಡೂ ತುದಿ ಲೇತಿನಲ್ಲಿ ನೇರವಾಗಿ ಫೇಸ್ ಮಾಡಿದ್ದಿರಲಿ. ಹೀಗೆ ಮಾಡಿದರೆ ಬೋಲ್ಟ್ ಎಂಜಿನ್ನಿನಲ್ಲಿ ಹಿಡಿಯುವ ತ್ರೆಡ್ಡುಗಳನ್ನೇ ಇಲ್ಲೂ ಹಿಡಿಯುತ್ತದೆ. ತ್ರೆಡ್ಡಿನ ಆಳ ತಪ್ಪಿದರೆ ಬೋರ್ ಬೇರೆ ಕಡೆ ಉಬ್ಬುತ್ತದೆ, ಹೋನ್ ಮಾಡಿದ್ದು ವ್ಯರ್ಥ.

ಹೋನಿಂಗ್ ಮಾಡುವಾಗ ಮೇನ್ ಬೇರಿಂಗ್ ಕ್ಯಾಪ್‌ಗಳೂ ಟಾರ್ಕ್ ಆಗಿರಲಿ. ಗ್ಯಾಸ್ಕೆಟ್ ಫಿಟ್ಟಿಂಗಿಗೆ ಬಳಸುವ ಬಗೆಯದೇ ಇರಲಿ. ನಡುವಿನಿಂದ ಹೊರಕ್ಕೆ, ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲಿ, ಮೂರು ಹಂತಗಳಲ್ಲಿ ಬಿಗಿಯಿರಿ. ತುಕ್ಕು ಹಿಡಿದ ತ್ರೆಡ್ಡಿನಲ್ಲಿ ಟಾರ್ಕ್ ಘರ್ಷಣೆಗೇ ಖರ್ಚಾಗುತ್ತದೆ, ಟ್ಯಾಪ್ ಓಡಿಸಿ ಶುಚಿ ಮಾಡಿಕೊಳ್ಳಿ. ಬೋರಿಂಗ್ ಮಾಡುವಾಗ ಹೋನಿಂಗ್‌ಗೆ 0.08 ಮಿ.ಮೀ. ಬಿಡಿ. ಕಡೇ ಅಳತೆ ಬ್ಲಾಕ್ ಆರಿದ ಮೇಲೆ: ಬ್ಲಾಕ್ 10 ಡಿಗ್ರಿ ಬಿಸಿಯಾದರೆ 90 ಮಿ.ಮೀ. ಬೋರ್ ಸುಮಾರು 0.01 ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: ಹಳೇ ಹೆಡ್ಡನ್ನೇ ಕತ್ತರಿಸಿ ಪ್ಲೇಟ್ ಮಾಡಬಹುದೆ?
— ಓದುಗರು, ಬಂಗಾರಪೇಟೆ

ಉತ್ತರ: ಬೇಡ. ಹೆಡ್ಡಿನೊಳಗೆ ನೀರಿನ ದಾರಿ, ಪೋರ್ಟುಗಳು ಟೊಳ್ಳು. ಕಂಬಶ್ಚನ್ ಚೇಂಬರ್ ಜಾಗ ಕೊರೆದು ತೆಗೆದರೆ ಉಳಿಯುವುದು ತೆಳು ಗೋಡೆ, ಬಿಗಿದಾಗ ಅದೇ ಬಾಗುತ್ತದೆ. ಬೋಲ್ಟ್ ತೂತುಗಳ ಸ್ಥಾನ ಗುರುತಿಸಲು ಮಾತ್ರ ಹಳೇ ಹೆಡ್ ಬಳಸಿ.

ಪ್ರಶ್ನೆ: ಪ್ಲೇಟ್ ಹಾಕಿ ಹೋನ್ ಮಾಡಿದ ಬ್ಲಾಕ್, ಪ್ಲೇಟ್ ಬಿಚ್ಚಿದ ಮೇಲೆ 0.02 ಓವಲ್ ತೋರಿಸುತ್ತಿದೆ. ಮತ್ತೆ ಹೋನ್ ಮಾಡಬೇಕೆ?
— ಓದುಗರು, ಶ್ರೀನಿವಾಸಪುರ

ಉತ್ತರ: ಕಲ್ಲು ಮುಟ್ಟಿಸಬೇಡಿ. ಬಿಚ್ಚಿದಾಗ ಹಾಗೆ ಕಾಣುವುದೇ ಸರಿ. ಹೆಡ್ ಕೂತಾಗ ಗುಂಡಗಾಗುತ್ತದೆ. ಈಗ ಸರಿಮಾಡಲು ಹೋದರೆ ಮಾಡಿದ ಕೆಲಸವೆಲ್ಲ ಅಳಿಸಿಹೋಗುತ್ತದೆ. ಗಾಡಿಯವರು ಗೇಜ್ ಹಿಡಿದು ಕೇಳಿದರೆ ತೋರಿಸಲು, ಪ್ಲೇಟ್ ಇದ್ದಾಗಿನ ರೀಡಿಂಗ್‌ಗಳನ್ನು ಜಾಬ್ ಕಾರ್ಡಿನಲ್ಲಿ ಬರೆದಿಡಿ. ರಿಂಗ್ ಗ್ಯಾಪನ್ನೂ ಪ್ಲೇಟ್ ಬಿಗಿದಿರುವಾಗಲೇ ನೋಡಿ. ತೊಳೆಯುವುದು ಬಿಸಿನೀರು, ಸೋಪಿನ ಪುಡಿ, ಬ್ರಷ್‌ನಲ್ಲಿ. ಬರೀ ಡೀಸೆಲ್‌ನಿಂದ ಕಲ್ಲಿನ ಪುಡಿ ಪೂರ್ತಿ ಹೋಗುವುದಿಲ್ಲ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದು ಬಣ್ಣ ಹತ್ತದಷ್ಟು ಶುಚಿಯಾದ ಕೂಡಲೇ ಎಣ್ಣೆ ಹಚ್ಚಿ.