ಅಮೆರಿಕಕ್ಕೆ ಮರದ ಸಾಮಾನು ಕಳಿಸುವಾಗ ಲೇಸಿ ಆಕ್ಟ್ ಡಿಕ್ಲರೇಷನ್‌ಗೆ ಏನೇನು ಕೊಡಬೇಕು?

ಚನ್ನಪಟ್ಟಣದ ಡಬ್ಬಿ, ಬಟ್ಟಲುಗಳನ್ನು ಮೊದಲ ಸಲ ಅಮೆರಿಕಕ್ಕೆ ಕಳಿಸುತ್ತಿದ್ದೀರಿ. ಅಲ್ಲಿನ ಖರೀದಿದಾರರು ಲೇಸಿ ಆಕ್ಟ್ ಡಿಕ್ಲರೇಷನ್‌ಗೆ ಮರದ ವಿವರ ಕೇಳಿದ್ದಾರೆ. ಇದು ನಿಮ್ಮ ಕೆಲಸವೋ ಅವರದೋ ಅನ್ನುವುದು ನಿಮ್ಮ ಪ್ರಶ್ನೆ. ಮರದ ಕರಕುಶಲ ಸಾಮಾನಿನ ರಫ್ತು ಕಾಗದಪತ್ರ ನೋಡಿಕೊಳ್ಳುವುದೇ ನನ್ನ ಕೆಲಸ, ಹಾಗಾಗಿ ಹೇಳುತ್ತೇನೆ. ಡಿಕ್ಲರೇಷನ್ ಸಲ್ಲಿಸುವುದು ಅಲ್ಲಿನ ಆಮದುದಾರರು ಅಥವಾ ಅವರ ಕಸ್ಟಮ್ಸ್ ಬ್ರೋಕರ್. ಆದರೆ ಅದರಲ್ಲಿ ತುಂಬುವ ಮಾಹಿತಿ ನಿಮ್ಮಿಂದಲೇ ಹೋಗಬೇಕು. ಮರ ಕೊಂಡವರು ನೀವಲ್ವಾ?

ಲೇಸಿ ಆಕ್ಟ್ ಅಮೆರಿಕದ 1900ರ ಕಾನೂನು. 2008ರ ತಿದ್ದುಪಡಿಯಲ್ಲಿ ಮರದ ಸಾಮಾನುಗಳಿಗೂ ಡಿಕ್ಲರೇಷನ್ ಬಂತು. ಕದ್ದು ಕಡಿದ ಮರ ತಮ್ಮ ಮಾರುಕಟ್ಟೆಗೆ ಬರಬಾರದು ಅನ್ನುವುದು ಉದ್ದೇಶ. ಮುಖ್ಯವಾಗಿ ಕೇಳುವುದು ಮರದ ವೈಜ್ಞಾನಿಕ ಹೆಸರು, ಮರ ಕಡಿದ ದೇಶ, ಪ್ರಮಾಣ ಮತ್ತು ಬೆಲೆ. ಬೆಲೆ ಇನ್‌ವಾಯ್ಸ್‌ನಲ್ಲೇ ಇರುತ್ತದೆ. ಪ್ರಮಾಣ ಅಂದರೆ ಎಷ್ಟು ಡಬ್ಬಿ ಅಂತಲ್ಲ, ಅವುಗಳಲ್ಲಿ ಎಷ್ಟು ಮರ ಇದೆ ಅಂತ.

ಜಾಸ್ತಿ ತೊಡಕಾಗುವುದು ಹೆಸರು ಮತ್ತು ದೇಶದಲ್ಲಿ. "ಆಲೆ ಮರ" ಅಂತ ಬರೆದರೆ ಸಾಲದು, ರೈಟಿಯಾ ಟಿಂಕ್ಟೋರಿಯಾ ಅಂತ ಪೂರ್ತಿ ಬರೆಯಬೇಕು. ಈಗ ಚನ್ನಪಟ್ಟಣದಲ್ಲಿ ರಬ್ಬರ್ ಮರವನ್ನೂ ಬಳಸುತ್ತಾರೆ. ಅದು ಹೀವಿಯಾ ಬ್ರೆಸಿಲಿಯೆನ್ಸಿಸ್. ಒಂದೇ ಡಬ್ಬಿಯ ಮುಚ್ಚಳ ಒಂದು ಮರದ್ದು, ತಳ ಇನ್ನೊಂದರದ್ದು ಆಗಿದ್ದರೆ ಎರಡನ್ನೂ ಬರೆಯಿರಿ. ಮೇಲಿನ ಅರಗಿಗೆ ಹೆಸರು ಹುಡುಕಬೇಕಿಲ್ಲ, ಅದು ಕೀಟದಿಂದ ಬರುವ ಪದಾರ್ಥ. ಇನ್ನು ದೇಶ. ಸಾಮಾನು ತಯಾರಾದ ಊರು ಇಲ್ಲಿ ಲೆಕ್ಕಕ್ಕಿಲ್ಲ. ಬಟ್ಟಲನ್ನು ನೀವೇ ಕಡೆದಿದ್ದರೂ ಪೈನ್ ಮರ ನ್ಯೂಜಿಲೆಂಡಿನಿಂದ ಬಂದಿದ್ದರೆ, ಆ ಅಂಕಣದಲ್ಲಿ ನ್ಯೂಜಿಲೆಂಡ್ ಅಂತಲೇ ಇರಬೇಕು.

ದಯವಿಟ್ಟು ಸುಮ್ನೆ ಅಂದಾಜಿನ ಮೇಲೆ ಹೆಸರು ತುಂಬಬೇಡಿ. ಲಂಬರ್ ಲಿಕ್ವಿಡೇಟರ್ಸ್ ಅನ್ನುವ ಅಮೆರಿಕದ ದೊಡ್ಡ ಕಂಪನಿ ರಷ್ಯಾದ ಮಂಗೋಲಿಯನ್ ಓಕ್ ಮರವನ್ನು ವೆಲ್ಷ್ ಓಕ್ ಅಂತ ಘೋಷಿಸಿತ್ತು. ಇಂಥ ಸುಳ್ಳು ಘೋಷಣೆಗಳೂ ಸೇರಿದ ಪ್ರಕರಣದಲ್ಲಿ 2015ರಲ್ಲಿ ತಪ್ಪೊಪ್ಪಿಕೊಂಡು, 1.3 ಕೋಟಿ ಡಾಲರಿಗೂ ಹೆಚ್ಚು ತೆರಬೇಕಾಯಿತು. ನಿಮ್ಮದು ಸಣ್ಣ ವ್ಯಾಪಾರ ಇರಬಹುದು, ಆದರೆ ಸರಕು ಬಂದರಿನಲ್ಲೇ ನಿಂತರೆ ಆ ಖರೀದಿದಾರರು ಮತ್ತೆ ಆರ್ಡರ್ ಕೊಡುವುದು ಕಷ್ಟ.

ಮರ ಕೊಳ್ಳುವಾಗಲೇ ಡಿಪೋ ಅಥವಾ ಸಾಮಿಲ್ ಬಿಲ್‌ನಲ್ಲಿ ಮರದ ಹೆಸರು ಬರೆಸಿಕೊಳ್ಳಿ. ಯಾವ ಬಿಲ್ಲಿನ ಮರ ಯಾವ ಆರ್ಡರಿಗೆ ಹೋಯಿತು ಅಂತ ಒಂದು ಪುಸ್ತಕದಲ್ಲಿ ಗುರುತು ಹಾಕಿಡಿ. ಬೀಟೆ ಮರದ ಕೆತ್ತನೆಯನ್ನೂ ಸೇರಿಸುವುದಾದರೆ ಮೊದಲೇ ತಿಳಿಸಿ. ಅದು ಸೈಟಿಸ್ (ಅಳಿವಿನ ಅಪಾಯದ ಸಸ್ಯ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ, ಅದರ ಕಾಗದಪತ್ರವೇ ಬೇರೆ.

ಸರಕು ತುಂಬುವ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳಿಗೆ ಈ ಡಿಕ್ಲರೇಷನ್ ಬೇಡ. ಆದರೆ ಹಸಿ ಹಲಗೆಯಲ್ಲಿ ಪೆಟ್ಟಿಗೆ ಹೊಡೆಸಿ ಕಳಿಸುವ ಹಾಗಿಲ್ಲ. ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು, ಇಲ್ಲವೇ ಅನುಮತಿ ಇರುವ ಬೇರೆ ಉಪಚಾರ ಆಗಿರಬೇಕು. ಮರದ ಪ್ಯಾಕಿಂಗ್‌ನಿಂದ ಕೀಟ ಹರಡದಂತೆ ಇರುವ ಅಂತರರಾಷ್ಟ್ರೀಯ ನಿಯಮ ಐಎಸ್‌ಪಿಎಂ 15. ಉಪಚಾರ ಆಗಿದೆ ಅಂತ ತೋರಿಸುವ ಅದರ ಮುದ್ರೆ ಹಲಗೆಯ ಮೇಲೆ ಸರಿಯಾಗಿ ಕಾಣುತ್ತದೆಯೇ ಅಂತ ಲಾರಿಗೆ ಹೇರುವ ಮುಂಚೆ ನೋಡಿ.