ಸಿಸೇರಿಯನ್ ಕಡಿಮೆ ಅಂದರೆ ಹೆರಿಗೆ ಸಲೀಸು ಅಂತಲಾ?

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ಟರ್ಕಿಯಲ್ಲಿರುವ ಸಿರಿಯಾದ ನಿರಾಶ್ರಿತ ಹೆಂಗಸರಲ್ಲಿ ಅಲ್ಲಿನವರಿಗಿಂತ ಸಿಸೇರಿಯನ್ ಕಡಿಮೆ ಎಂದು ಓದಿದೆ. ಹಾಗಾದರೆ ಅವರಿಗೆ ಹೆರಿಗೆ ಹೆಚ್ಚು ಸಲೀಸು ಎಂದುಕೊಳ್ಳಬಹುದೇ, ಡಾಕ್ಟರೇ?

ಉತ್ತರ: ಬೇಡಮ್ಮ, ಅಷ್ಟು ಬೇಗ ಹಾಗಂದುಕೊಳ್ಳಬೇಡಿ. ನೀವು ಓದಿದ್ದು ನಿಜ. ಆದರೆ ಹೋಲಿಸಿರುವುದು ಯಾರ ಜೊತೆ? ಟರ್ಕಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೆರಿಗೆ ಸಿಸೇರಿಯನ್ನೇ. ಈ ಪ್ರಮಾಣ ಶೇ. 10 ದಾಟಿದ ಮೇಲೆ ತಾಯಿ, ಮಗುವಿನ ಸಾವು ಮತ್ತಷ್ಟು ಇಳಿದದ್ದು ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಅಂದರೆ ಅಲ್ಲಿನವರ ಅಂಕಿಯೇ ಬೇಕಾದದ್ದಕ್ಕಿಂತ ಜಾಸ್ತಿ; ಅದಕ್ಕಿಂತ ಕಡಿಮೆ ಎಂದ ಮಾತ್ರಕ್ಕೆ ಹೆರಿಗೆ ಸಲೀಸು ಎಂದಾಗದು. ಸಿಸೇರಿಯನ್ ಅಂಕಿಯ ಪಕ್ಕದ ಅಂಕಿಗಳನ್ನೂ ನೋಡಿ. ಸಿರಿಯಾದ ತಾಯಂದಿರಲ್ಲಿ ಇಪ್ಪತ್ತು ತುಂಬದವರು ಜಾಸ್ತಿ, ರಕ್ತಹೀನತೆ ಜಾಸ್ತಿ, ತಪಾಸಣೆ ಕಡಿಮೆ. ಗರ್ಭಿಣಿಗೆ ಕನಿಷ್ಠ 8 ಸಲ ತಪಾಸಣೆ ಆಗಬೇಕು. ಓಡುವ ದಾರಿಯಲ್ಲಿ ಅದೆಲ್ಲಿ ಆಗುತ್ತೆ?

ನಾನು ನಿರಾಶ್ರಿತರ ನಡುವೆ ಎರಡು ವರ್ಷ ಹೆರಿಗೆ ಮಾಡಿಸಿದ್ದೇನೆ. ಒಬ್ಬಾಕೆ ತುಂಬಿದ ಹೊಟ್ಟೆ ಹೊತ್ತು ಬಂದಳು. ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಮಾತು ತಿಳಿಸಲು ಜೊತೆಗಿದ್ದದ್ದು ಅವಳ ಒಂಬತ್ತು ವರ್ಷದ ಮಗ. ಕೊನೆಯ ಮುಟ್ಟು ಯಾವಾಗ ಎಂದು ಕೇಳಿದೆ. ಹುಡುಗ ನೆಲ ನೋಡಿದ. ಅವಳು ಸುಮ್ನೆ ತಲೆಯಾಡಿಸಿದಳು. ಅವನನ್ನು ಹೊರಗೆ ಕೂರಿಸಿ, ಅವಳ ಭಾಷೆ ಬಲ್ಲ ಹೆಂಗಸೊಬ್ಬರನ್ನು ಫೋನಿನಲ್ಲಿ ಹಿಡಿದೆವು. ಆಗ ಹೇಳಿದಳು: ಮನೆ ಬಿಟ್ಟ ದಿನಕ್ಕೆ ಎರಡು ವಾರ ಮುಂಚೆ ಮುಟ್ಟಾಗಿತ್ತಂತೆ. ಹಿಂದಿನ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಬೇರೆಯವರ ರಕ್ತ ಕೊಡಬೇಕಾಗಿತ್ತಂತೆ. ಅಷ್ಟು ದೊಡ್ಡ ಸಂಗತಿಯನ್ನು ಮಗನ ಬಾಯಲ್ಲಿ ಯಾವ ತಾಯಿ ಹೇಳಿಸುತ್ತಾಳೆ? ನಾವು ರಕ್ತ ಸಿದ್ಧ ಮಾಡಿಟ್ಟುಕೊಂಡೆವು. ಅದು ಬೇಕಾಯಿತು ಕೂಡ.

ತಾರೀಖಿನ ವಿಷಯವೂ ಸಣ್ಣದಲ್ಲ. ಮೊದಲ ತಿಂಗಳುಗಳಲ್ಲಿ ಸ್ಕ್ಯಾನ್ ಆಗದಿದ್ದರೆ ದಿನದ ಲೆಕ್ಕ ಸಿಗುವುದು ಕಷ್ಟ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು ಹುಟ್ಟಿದರೆ, ಅದು 37 ವಾರ ತುಂಬುವ ಮೊದಲೇ ಬಂತೋ, ಹೊಟ್ಟೆಯಲ್ಲೇ ಬೆಳೆಯದೆ ಉಳಿಯಿತೋ ಗೊತ್ತಾಗುವುದಿಲ್ಲ. ಎರಡಕ್ಕೂ ಕಾರಣ ಬೇರೆ, ಆರೈಕೆಯೂ ಬೇರೆ.

ನಿರಾಶ್ರಿತಳಾದರೆ ಹೆರಿಗೆ ಕೆಟ್ಟೇ ಕೆಡುತ್ತದೆ ಎಂದೂ ಬರೆಯಬೇಡಿ. ಥಾಯ್ಲೆಂಡ್-ಮ್ಯಾನ್ಮಾರ್ ಗಡಿಯ ಶಿಬಿರಗಳಲ್ಲಿ 1986ರಿಂದ ಗರ್ಭಿಣಿಯರನ್ನು ವಾರವಾರವೂ ಕರೆದು ಮಲೇರಿಯಾಗೆ ರಕ್ತ ನೋಡತೊಡಗಿದರು. ಸೋಂಕು ಕಂಡ ಕೂಡಲೇ ಔಷಧಿ. ಆ ಜ್ವರಕ್ಕೆ ಬಲಿಯಾಗುತ್ತಿದ್ದ ತಾಯಂದಿರ ಸಂಖ್ಯೆ ಬಹಳ ಇಳಿಯಿತು. ಹೆಂಗಸರು ಅವರೇ, ಶಿಬಿರವೂ ಅದೇ, ಅಲ್ವಾ?

ನಿಮ್ಮ ಕೈಗೆ ಇಂಥ ಹೋಲಿಕೆ ಮತ್ತೆ ಸಿಕ್ಕರೆ, ಮೊದಲ ತಪಾಸಣೆ ಎಷ್ಟನೇ ವಾರದಲ್ಲಾಯಿತು ಎಂದು ಹುಡುಕಿ. ಮಾತು ತಿಳಿಸಿದವರು ಯಾರು ಎಂಬುದನ್ನೂ ನೋಡಿ. ಬಹಳ ವರದಿಗಳಲ್ಲಿ ಅದನ್ನು ಬರೆದೇ ಇರುವುದಿಲ್ಲ.