ಭಾವಚಿತ್ರದಲ್ಲಿ ಹೋಲಿಕೆ ಏಕೆ ಬರುವುದಿಲ್ಲ?

ಪ್ರಶ್ನೆ: ಕಾಲೇಜಿನಲ್ಲಿ ಮಾನವಾಕೃತಿ ಮತ್ತು ಭಾವಚಿತ್ರ ರಚನೆಯ ತರಗತಿಗೆ ಸೇರಿದ್ದೇನೆ. ಕಣ್ಣು, ಮೂಗುಗಳನ್ನು ಎಷ್ಟು ತಿದ್ದಿದರೂ ಎದುರು ಕುಳಿತವರ ಹೋಲಿಕೆ ಬರುವುದಿಲ್ಲ. ಹೀಗಿರುವಾಗ ಅಧ್ಯಾಪಕರು ಒಂದೆರಡು ನಿಮಿಷಗಳ ಭಂಗಿಚಿತ್ರಗಳನ್ನೇ ಹೆಚ್ಚು ಬರೆಸುತ್ತಾರೆ. ಇದರಿಂದ ಏನು ಪ್ರಯೋಜನ?

ಉತ್ತರ: ಹೋಲಿಕೆಯನ್ನು ಮುಖ್ಯವಾಗಿ ನಿರ್ಧರಿಸುವುದು ಕಣ್ಣು, ಮೂಗು, ಬಾಯಿಗಳ ನಡುವಿನ ಅಂತರ. ಹೊಸಬರಲ್ಲಿ ಬಹುಪಾಲು ಮಂದಿ ಕಣ್ಣುಗಳನ್ನು ತೀರ ಮೇಲೆ ಬರೆಯುತ್ತಾರೆ. ಗಮನವೆಲ್ಲ ಮುಖದ ಭಾಗಗಳ ಮೇಲೆಯೇ ಇರುವುದರಿಂದ ಹಣೆ ಮತ್ತು ನೆತ್ತಿ ಅರಿವಿಲ್ಲದೆಯೇ ಕುಗ್ಗಿಬಿಡುತ್ತವೆ. ವಯಸ್ಕರ ತಲೆಯನ್ನು ನೇರ ಎದುರಿನಿಂದ ನೋಡಿದಾಗ, ನೆತ್ತಿಯಿಂದ ಗದ್ದದವರೆಗಿನ ಎತ್ತರದ ಸುಮಾರು ನಡುವಿಗೆ ಕಣ್ಣುಗಳು ಬರುತ್ತವೆ, ಅವುಗಳ ನಡುವೆ ಸರಿಸುಮಾರು ಒಂದು ಕಣ್ಣಿನಷ್ಟು ಜಾಗವಿರುತ್ತದೆ. ಈ ಲೆಕ್ಕವನ್ನು ತಿಳಿದಿಟ್ಟುಕೊಂಡು, ಎದುರಿರುವ ವ್ಯಕ್ತಿಯ ಮುಖ ಅದರಿಂದ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಹುಡುಕಿ.

ಇನ್ನು ಭಂಗಿಚಿತ್ರವನ್ನು ದಯವಿಟ್ಟು ಕಡೆಗಣಿಸಬೇಡಿ. ನನ್ನ ಮಟ್ಟಿಗೆ ಇಡೀ ತರಗತಿಯ ಜೀವಾಳವೇ ಅದು. ರೂಪದರ್ಶಿ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಾಗ ಆ ಬದಿಯ ಸೊಂಟ ಮೇಲೇರುತ್ತದೆ, ಅದೇ ಬದಿಯ ಭುಜ ಸಾಮಾನ್ಯವಾಗಿ ಇಳಿಯುತ್ತದೆ, ಕತ್ತಿನ ಬುಡದ ಕುಳಿಯಿಂದ ನೇರ ಕೆಳಗೆ ಇಳಿಸಿದ ಗೆರೆ ಭಾರ ಹೊತ್ತ ಪಾದದ ಹತ್ತಿರಕ್ಕೆ ಬರುತ್ತದೆ. ಇದು ತಪ್ಪಿದರೆ ಬೆರಳುಗಳನ್ನು ಎಷ್ಟು ಅಂದವಾಗಿ ಬರೆದರೂ ಆಕೃತಿ ವಾಲಿದಂತೆಯೇ ಕಾಣುತ್ತದೆ. ಸಮಯ ಕಡಿಮೆಯಿದ್ದಾಗ ವಿವರಗಳಿಗೆ ಕೈ ಹೋಗದು, ಕಣ್ಣು ದೇಹದ ಭಾರ, ಬಾಗುಗಳ ಈ ಮುಖ್ಯ ಓಟವನ್ನೇ ಹಿಡಿಯಬೇಕಾಗುತ್ತದೆ. ಇದ್ದಿಲ ಕಡ್ಡಿಯನ್ನು ಹಗುರವಾಗಿ ಹಿಡಿದು, ಮಣಿಕಟ್ಟಿನ ಬದಲು ಭುಜದಿಂದ ಗೆರೆ ಎಳೆಯಿರಿ. ರಬ್ಬರನ್ನು ಸದ್ಯಕ್ಕೆ ದೂರವಿಡಿ.